ಪಡದೆಯ ಮೇಲಿನ ಪೇಟೆ

ಕೊಪ್ಪಳದ ಹಳೇ ಪೇಟೆಯಲ್ಲಿ ಅರ್ಧ ಶತಮಾನ ಫೋಟೊ ಸ್ಟುಡಿಯೊ ನಡೆಸಿದ ಮನೆತನ ನಮ್ಮದು. ಅಷ್ಟೂ ವರ್ಷಗಳಲ್ಲಿ ಆ ಪೇಟೆಯ ಒಂದೇ ಒಂದು ಫೋಟೊ ನಾವು ತೆಗೆದಿಲ್ಲ. ಯಾರಾದರೂ ಆಡಿಕೊಳ್ಳುವ ಮೊದಲು ನಾನೇ ಕೇಳಿಬಿಡುತ್ತೇನೆ, ಬೀದಿಯ ಫೋಟೊ ಯಾರು ತೆಗೆಸುತ್ತಾರೆ? ಹೊಸ ಮದುಮಕ್ಕಳು ತೆಗೆಸುತ್ತಾರೆ. ಜವಳ ಇಳಿಸಿದ ಕೂಸನ್ನು ಎತ್ತಿಕೊಂಡು ಅಜ್ಜಿ ಬರುತ್ತಾಳೆ. ಹೊಸ ವಾಚು ಕಟ್ಟಿಕೊಂಡವನು ಕೈ ಮುಂದೆ ಮಾಡಿ ನಿಲ್ಲುತ್ತಾನೆ. ಬೀದಿ ಎಲ್ಲಿಗೆ ಓಡಿಹೋಗುತ್ತದೆ ಅಂತ ಅದರ ಫೋಟೊ ತೆಗೆದಿಡಬೇಕು?

ಆದರೆ ಬೀದಿ ಹೋಯಿತು. ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾಯಿತು, ಜಿಲ್ಲೆ ಅಂದಮೇಲೆ ಅದಕ್ಕೆ ತಕ್ಕ ರಸ್ತೆ ಬೇಕಾಯಿತು, ಹಳೇ ಪೇಟೆಯ ಎರಡೂ ಬದಿಯ ಅಂಗಡಿಗಳನ್ನು ಕೆಡವಿದರು. ಸ್ಟುಡಿಯೊ ಹೊಸ ಕಾಂಪ್ಲೆಕ್ಸಿನ ಮಳಿಗೆಗೆ ಬಂತು. ಅದನ್ನು ಕಟ್ಟಿದ ನಮ್ಮಪ್ಪ ದೇವೇಂದ್ರಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಈಗ ಅದರ ಮಾಲಕಿ, ಕ್ಯಾಮೆರಾದವಳು, ಕಸ ಹೊಡೆಯುವವಳು ಎಲ್ಲ ನಾನೇ. ಭವಾನಿ ಅಂದರೆ ಬಾಯಿ ಜೋರು ಅಂತ ಕಾಂಪ್ಲೆಕ್ಸಿನಲ್ಲಿ ಹೇಳುತ್ತಾರೆ. ಬಾಯಿ ಜೋರಿರದಿದ್ದರೆ ಮದುವೆ ಮನೆಯಲ್ಲಿ ಬೀಗರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸುವುದು ಹೇಗೆ ಅಂತ ಅವರೇ ಬಂದು ಮಾಡಿ ತೋರಿಸಲಿ.

ನಮ್ಮ ಬಾಜೂ ಮಳಿಗೆ ಕಾಸೀಮಬೀಯದು. ಬಳೆ ಅಂಗಡಿ. ಅವಳ ಮಗ ಅಬ್ದುಲಸಾಬ ಅಂಗಡಿ ಬಾಗಿಲಲ್ಲಿ ಒಂದು ಕಾಲು ಮಡಚಿ, ಇನ್ನೊಂದನ್ನು ಹೊಸ್ತಿಲಾಚೆ ಉದ್ದಕ್ಕೆ ಚಾಚಿ ಕೂಡುವವನು. ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರು ಅವನ ಕಾಲು ದಾಟಿಯೇ ಒಳಗೆ ಹೋಗಬೇಕು. "ಕಾಲು ತಕ್ಕೊಳ್ಳೋ, ಹಾದ್ಯಾಗ ಹಗ್ಗ ಕಟ್ಟಿದಂಗ ಕುಂತೀಯಲ್ಲ" ಎಂದು ತಾಯಿ ದಿನಾ ಬೈಯುತ್ತಾಳೆ. ಅವನು ತಕ್ಕೊಳ್ಳುತ್ತಾನೆ. ಅವಳು ಆಚೆ ತಿರುಗಿದ ಕೂಡಲೇ ಕಾಲು ತಾನಾಗಿ ಹೊರಗೆ ಬರುತ್ತದೆ. ಒಮ್ಮೆ ನಾನೇ ಎಡವಿ ಕ್ಯಾಮೆರಾ ಕೆಳಗೆ ಹಾಕುವುದರಲ್ಲಿದ್ದೆ. ಅಂದು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಎರಡು ಸಾವಿರದ ಐದನೇ ಇಸವಿಯ ಚಳಿಗಾಲ. ಕಾಸೀಮಬೀ ಸ್ಟುಡಿಯೊಗೆ ಬಂದು ಸ್ಟೂಲಿನ ಮೇಲೆ ಕೂತಳು. ಸುಮ್ಮನೆ ಕೂಡುವವಳಲ್ಲ, ಏನೋ ಇದೆ ಅಂತ ಗೊತ್ತಾಯಿತು.

"ಭವಾನಿ, ನಿಮ್ಮಪ್ಪನ ಕಡೆ ಹಳೇ ಪ್ಯಾಟಿ ಫೋಟೊ ಏನರ ಇದ್ದವೇನು?"

"ಯಾಕ್ರಿ ಅಕ್ಕ?"

"ನಮ್ಮ ಅಬ್ಬಾನ್ನ ನೋಡಬೇಕಾಗೇತಿ" ಎಂದಳು. ನಾನು ಕೈಯಲ್ಲಿದ್ದ ಲೆನ್ಸ್ ಕೆಳಗಿಟ್ಟೆ.

ಅವಳ ಅಬ್ಬಾ ಹಳೇ ಪೇಟೆಯ ನಟ್ಟನಡುವೆ ಕೂತು ಬಳೆ ಮಾರುತ್ತಿದ್ದನಂತೆ. ಅವಳಿಗೆ ನಡೆಯಲು ಬರುವ ಮೊದಲೇ ತೀರಿಕೊಂಡ. ಫೋಟೊ ಅಂತ ಅವನದು ಒಂದೂ ಇಲ್ಲ. ಅವನನ್ನು ಕಣ್ಣಾರೆ ಕಂಡವಳು ಅವಳ ತಾಯಿಯೊಬ್ಬಳೇ ಉಳಿದಿದ್ದಳು, ಆ ತಾಯಿ ಹೋದ ತಿಂಗಳು ಹೋದಳು.

"ಅಮ್ಮಾ ಇರೂತನಕ ಕೇಳಬೇಕು ಅನ್ನಿಸಲಿಲ್ಲ ನೋಡು. ಈಗ ಅಂವಾ ಹೆಂಗಿದ್ದ ಅಂತ ಹೇಳವ್ರು ಈ ಊರಾಗ ಒಬ್ಬರೂ ಇಲ್ಲ. ಬೀದಿ ಫೋಟೊದಾಗ ಎಲ್ಲೆರ ಒಂದು ಮೂಲ್ಯಾಗ ಬಿದ್ದಿರಬೇಕಲ್ಲ? ಮಾರಿ ಕಾಣದಿದ್ರೂ ಅಡ್ಡಿಯಿಲ್ಲ. ಹೆಂಗ ಕುಂದ್ರತಿದ್ದ ಅಂತ ನೋಡಿದ್ರ ಸಾಕು."

ಇಲ್ಲ ಅಂತ ಹೇಳಬೇಕಾಯಿತು. ಅಪ್ಪನ ಕಾಲದ ನೆಗೆಟಿವ್‌ಗಳೆಲ್ಲ ಗಾಜಿನವು. ಗಿರಾಕಿ ಮತ್ತೆ ಬರುವುದಿಲ್ಲ ಅನ್ನಿಸಿದ ಕೂಡಲೇ ಅಪ್ಪ ಅವನ್ನು ಬಿಸಿನೀರಲ್ಲಿ ತೊಳೆದು, ಫೋಟೊಗಳ ಚೌಕಟ್ಟಿಗೆ ಗಾಜು ಮಾಡಿ ಕೂಡಿಸುತ್ತಿದ್ದ. ಅಂದರೆ ಈ ಊರಿನ ಎಷ್ಟೋ ಮನೆಗಳ ಗೋಡೆಯಲ್ಲಿ ಒಬ್ಬರ ಫೋಟೊ ಇನ್ನೊಬ್ಬರ ಅಳಿಸಿದ ಮುಖದ ಹಿಂದೆ ಕೂತಿದೆ. ಅಪ್ಪನ ಈ ಜಾಣತನ ನೆನೆದು ನನಗೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವಳು ಎದ್ದು ಹೋದ ಮೇಲೆ ನನಗೆ ಪಡದೆ ನೆನಪಾಯಿತು.

ಆಗೆಲ್ಲ ಸ್ಟುಡಿಯೊದಲ್ಲಿ ಗಿರಾಕಿಗಳ ಹಿಂದೆ ಬಣ್ಣದ ಪಡದೆ ಇಳಿಬಿಡುತ್ತಿದ್ದರು. ದೊಡ್ಡ ಊರಿನ ಸ್ಟುಡಿಯೊಗಳಲ್ಲಿ ಅರಮನೆ ಮೆಟ್ಟಿಲು, ಕೊಳ, ಹಂಸ ಇರುತ್ತಿದ್ದವು. ಅಪ್ಪನಿಗೂ ಅಂಥದ್ದೇ ಬೇಕಾಗಿತ್ತು. ಅದನ್ನು ಬರೆಯಲು ಕರೆಸಿದ್ದು ನಾಟಕದ ಪಡದೆ ಬರೆಯುವ ಹುಚ್ಚೀರಪ್ಪನನ್ನು. ಆ ಹುಚ್ಚೀರಪ್ಪ ಒಂದು ವಿಚಿತ್ರ ಪ್ರಾಣಿ. "ನಾ ಕಣ್ಣಿಲೆ ನೋಡದ್ದು ಬರಿಯಂಗಿಲ್ಲ ದೇವೇಂದ್ರಪ್ಪ" ಅಂದವನೇ ನಮ್ಮ ಜಗಲಿಯ ಮೇಲೆ ಕೂತು, ಎದುರಿಗೆ ಕಂಡ ಪೇಟೆಯನ್ನೇ ಬರೆದುಬಿಟ್ಟ. ಕಿರಾಣಿ ಅಂಗಡಿ, ದರ್ಜಿಯ ಅಟ್ಟ, ನಿಂತ ಟಾಂಗಾ, ಎಲ್ಲ. ಮುಂಬಾಗಿಲಾಚೆ ಇರುವ ಬೀದಿಯನ್ನೇ ಒಳಗೆ ತೂಗುಹಾಕಲು ಇಷ್ಟು ಖಟಪಟಿ ಯಾಕೆ ಬೇಕಿತ್ತು ಅಂತ ಅಪ್ಪ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದ. ಗಿರಾಕಿಗಳಿಗೆ ಮಾತ್ರ ಅದು ಬಹಳ ಹಿಡಿಸಿತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದವರಿಗೆ ಕೊಪ್ಪಳದ ಪೇಟೆಯ ನಡುವೆ ನಿಂತ ಫೋಟೊ ಅಂದರೆ ಕಮ್ಮಿಯೇ?

ಎಂಬತ್ತರ ಹೊತ್ತಿಗೆ ಪಡದೆ ತೂತು ಬಿದ್ದು, ಯಾರೋ ಜೋಳದ ರಾಶಿಗೆ ಹೊದಿಸಲು ಒಯ್ದರು. ಆದರೆ ಅದರ ಮುಂದೆ ನಿಂತವರ ಫೋಟೊಗಳು ಸುತ್ತಲ ಊರುಗಳ ಗೋಡೆಗಳಲ್ಲಿ ಇನ್ನೂ ಇದ್ದವು. ಮದುಮಗಳ ಭುಜದ ಹಿಂದೆ ದರ್ಜಿಯ ಅಟ್ಟ, ಮಾವನ ರುಮಾಲಿನ ಪಕ್ಕ ಟಾಂಗಾದ ಗಾಲಿ. ಆ ತುಣುಕುಗಳನ್ನೆಲ್ಲ ಕೂಡಿಸಿದರೆ ಪೇಟೆ ಮತ್ತೆ ಸಿಗಬೇಕಲ್ಲ?

ಹೀಗೆ ಶುರುವಾಯಿತು ನನ್ನ ಹುಚ್ಚು. ಮದುವೆ, ಸೀಮಂತ, ಗೃಹಪ್ರವೇಶ ಅಂತ ಎಲ್ಲಿ ಹೋದರೂ ಮೊದಲು ಗೋಡೆ ನೋಡತೊಡಗಿದೆ. ಮಂಗಳೂರಿನಲ್ಲಿ, ಅಂದರೆ ನಮ್ಮ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ, ಒಂದು ಮನೆಯವರು ತಮ್ಮ ತೀರಿದ ಅಜ್ಜನನ್ನು ಬಿಟ್ಟು ಅವನ ಕಿವಿಯ ಹಿಂದಿನದನ್ನು ನಾನು ಭೂತಗನ್ನಡಿ ಹಿಡಿದು ನೋಡುವುದನ್ನು ಕಂಡು ಕಂಗಾಲಾದರು. ಸಿಕ್ಕಿದ್ದನ್ನೆಲ್ಲ ಕಾಪಿ ತೆಗೆದು ತಂದು, ಡಿಜಿಟಲ್ ಬಂದ ಮೇಲೆ ಖಾಲಿ ಬಿದ್ದಿದ್ದ ಡಾರ್ಕ್‌ರೂಮಿನ ಗೋಡೆಗೆ ಹಚ್ಚತೊಡಗಿದೆ. ಮನುಷ್ಯರನ್ನು ಕತ್ತರಿಸಿ ತೆಗೆದು, ಹಿಂದಿನದನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದೆ. ಹೊಟ್ಟೆಪಾಡಿನ ಕೆಲಸಕ್ಕೆ ಪೂರಾ ಉಲ್ಟಾ.

ಅಪ್ಪನ ಟ್ರಂಕಿನ ತಳಕ್ಕೆ ಹಾಸಿದ ಒಂದು ನಕ್ಷೆಯೂ ಸಿಕ್ಕಿತು. ನಿಜಾಮರ ಕಾಲದ್ದು, ಬಟ್ಟೆಗೆ ಅಂಟಿಸಿದ್ದು, ಬರಹವೆಲ್ಲ ಉರ್ದು. ಓದಿಸಲು ಉರ್ದು ಸಾಲೆಯ ನಿವೃತ್ತ ಟೀಚರ್ ಮುಮ್ತಾಜಬೇಗಂ ಅವರನ್ನು ಕರೆತಂದೆ. ಅವರು ಕನ್ನಡಕ ಏರಿಸಿ, ಗಲ್ಲಿ ಗಲ್ಲಿಯ ಹೆಸರು ಓದುತ್ತ ಹೋದರು. ನಾನು ಗೋಡೆಯ ಮೇಲಿನ ತುಣುಕುಗಳೊಡನೆ ತಾಳೆ ನೋಡುತ್ತ ಹೋದೆ. ಕಿರಾಣಿ ಅಂಗಡಿಯ ಮೂಲೆ ಕೂಡಿತು. ದರ್ಜಿಯ ಓಣಿ ಕೂಡಿತು. ಹುಚ್ಚೀರಪ್ಪ ಒಂದು ಬಾಗಿಲನ್ನೂ ಆಚೀಚೆ ಮಾಡಿರಲಿಲ್ಲ.

ಕೂಡದೇ ಉಳಿದದ್ದು ಕಾರಂಜಿ ಒಂದು. ಎಲ್ಲ ಫೋಟೊಗಳಲ್ಲೂ ಬಲಗಡೆ ಕೊನೆಗೆ ಚಂದದ ಕಾರಂಜಿ ಇತ್ತು, ನಕ್ಷೆಯಲ್ಲಿ ಇರಲಿಲ್ಲ. ಪೇಟೆಯ ಹಿರಿಯರನ್ನು ಕೇಳಿದೆ. ಬಳೆಗಾರನ ನೆನಪು ಒಬ್ಬರಿಗೂ ಇರಲಿಲ್ಲ, ಕಾರಂಜಿಯ ನೆನಪು ಮಾತ್ರ ಇತ್ತು. ಒಬ್ಬ ಅಜ್ಜ "ಇತ್ತವಾ, ಸಣ್ಣಾಂವ ಇದ್ದಾಗ ಅದರಾಗ ಕಾಲು ತೊಳಕೊಂಡೀನಿ" ಅಂದ. ಇನ್ನೊಬ್ಬ ಅದರ ನೀರು ಸಿಹಿ ಇತ್ತು ಅಂದ. ಬಹಳ ಖುಷಿಯಿಂದ ಬಂದು ಮುಮ್ತಾಜಬೇಗಂಗೆ ಹೇಳಿದರೆ ಅವರು ನಕ್ಷೆಯಿಂದ ತಲೆಯನ್ನೂ ಎತ್ತಲಿಲ್ಲ.

"ಭವಾನಿ, ಆಗ ಊರಿಗೆ ನಳಾನ ಬಂದಿದ್ದಿಲ್ಲ. ಕಾರಂಜಿ ನೀರು ಎಲ್ಲಿಂದ ಹಾರತಿತ್ತು?"

ಆಮೇಲೆ ಹೊಳೆಯಿತು. ಹಂಸ, ಕೊಳ ಏನೂ ಇಲ್ಲವಲ್ಲ ಅಂತ ಅಪ್ಪ ಅತ್ತೂಕರೆದು, ಕೊನೆಗೆ ಹುಚ್ಚೀರಪ್ಪ ನಾಟಕದ ಪಡದೆಯಲ್ಲಿ ತಾನು ಕಂಡ ಒಂದು ಕಾರಂಜಿಯನ್ನು ಮೂಲೆಯಲ್ಲಿ ಬರೆದುಕೊಟ್ಟಿದ್ದನಂತೆ. ಅವ್ವ ಯಾವಾಗಲೋ ಹೇಳಿದ್ದಳು. ಆ ಅಜ್ಜಂದಿರು ಸುಳ್ಳು ಹೇಳಿದರು ಅನ್ನಲಾರೆ. ಮನೆಯ ಗೋಡೆಯಲ್ಲಿ ತಮ್ಮದೇ ಬೆನ್ನ ಹಿಂದೆ ಕಾರಂಜಿಯನ್ನು ದಿನಾ ಕಂಡು ಕಂಡು ಅದರಲ್ಲಿ ಕಾಲು ತೊಳೆದುಕೊಂಡುಬಿಟ್ಟಿದ್ದರು. ಆದರೆ ಅಂದಿನಿಂದ ನನಗೊಂದು ಅಂಜಿಕೆ ಹೊಕ್ಕಿತು. ಒಂದು ಸುಳ್ಳು ಬರೆದವನು ಇನ್ನೊಂದು ಬರೆದಿರಲಿಕ್ಕಿಲ್ಲ ಅಂತ ಹೇಗೆ ಹೇಳುವುದು?

ಕಾಸೀಮಬೀ ದಿನಾ ಸಂಜೆ ಅಂಗಡಿ ಮುಚ್ಚಿ ಡಾರ್ಕ್‌ರೂಮಿಗೆ ಬಂದು ಗೋಡೆ ನೋಡುತ್ತಿದ್ದಳು. ಬೇಸಿಗೆ ಬರುವಷ್ಟರಲ್ಲಿ ಪೇಟೆ ಎಡಕ್ಕೂ ಬಲಕ್ಕೂ ತುಂಬಿತ್ತು. ಖಾಲಿ ಉಳಿದದ್ದು ನಡು. ಅದು ತುಂಬುವ ಹಾಗೆಯೇ ಇರಲಿಲ್ಲ. ಅಪ್ಪ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗುರುತು ಹಾಕಿದ್ದ, ಗಿರಾಕಿಗಳು ನಿಲ್ಲಬೇಕಾದ ಜಾಗ. ಅದು ಪಡದೆಯ ಸರೀ ಮಧ್ಯಕ್ಕೆ ಇತ್ತು. ಹಾಗಾಗಿ ಐದು ಊರಿನ ಮದುಮಕ್ಕಳು, ಕೂಸುಗಳು, ಅತ್ತೆ ಮಾವಂದಿರು ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಬಂದು ಕಾಸೀಮಬೀಯ ಅಬ್ಬಾನಿಗೆ ಅಡ್ಡ ನಿಂತಿದ್ದರು.

"ನಕ್ಷ್ಯಾಗ ಏನೈತಿ ಅಲ್ಲಿ?" ಎಂದು ಅವಳು ಕೇಳಿದಳು.

ಮುಮ್ತಾಜಬೇಗಂ ಬೆರಳಿಟ್ಟು ಓದಿದರು. "ಚಬೂತ್ರಾ. ಅಂದ್ರ ಕಟ್ಟಿ. ಅಂಗಡಿ ಅಂತ ಬರದಿಲ್ಲ."

ಕಾಸೀಮಬೀಯ ಮುಖ ಸಣ್ಣದಾಯಿತು. ಅಂಗಡಿ ಇತ್ತು ಅಂತಲೇ ಅವಳ ತಾಯಿ ಹೇಳಿದ್ದು. ನಾನು ಜಗ್ಗಲಿಲ್ಲ. ಆ ಕಟ್ಟೆ ಈಗ ಎಲ್ಲಿ ಬರುತ್ತದೆ ಅಂತ ಹುಡುಕೋಣ ನಡೆಯಿರಿ ಅಂದೆ. ಹಳೇ ಪೇಟೆಯಲ್ಲಿ ಕೆಡವದೇ ಬಿಟ್ಟದ್ದು ಎರಡು, ಹನುಮಪ್ಪನ ಗುಡಿಯ ದೀಪದ ಕಂಬ ಮತ್ತು ಒಂದು ಸಣ್ಣ ದರ್ಗಾ. ಎರಡೂ ನಕ್ಷೆಯಲ್ಲಿದ್ದವು. ಇಲ್ಲಿಂದ ಇಷ್ಟು, ಅಲ್ಲಿಂದ ಅಷ್ಟು ಅಂತ ಟೇಪು ಹಿಡಿದು ಹೋದರೆ, ಕಟ್ಟೆ ಬಂದು ನಿಂತದ್ದು ದೊಡ್ಡ ರಸ್ತೆಯ ಡಿವೈಡರ್ ಮೇಲೆ. ಕಣಗಿಲೆ ಗಿಡ ಹಚ್ಚಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ನಾವಿಬ್ಬರೂ ಅಲ್ಲಿ ನಿಂತೆವು. ಎರಡೂ ಕಡೆ ಲಾರಿ, ಆಟೊ, ಬೈಕು. ಒಬ್ಬ "ಸಾಯಾಕ ಬೇರೆ ಜಾಗ ಸಿಗಲಿಲ್ಲೇನು" ಅಂದ. ನಾನು ತಿರುಗಿ ಅವನಿಗೆ ತಕ್ಕದ್ದನ್ನೇ ಕೊಟ್ಟೆ. ಕಾಸೀಮಬೀ ಮಾತ್ರ ಅದ್ಯಾವುದನ್ನೂ ಕೇಳಿಸಿಕೊಳ್ಳದೆ ಚಪ್ಪಲಿ ಬಿಟ್ಟು ನಿಂತಿದ್ದಳು.

"ಇಲ್ಲೇ?"

"ಇಲ್ಲೇರಿ."

"ಕಟ್ಟಿ ಮ್ಯಾಲ ಕುಂತಾಂವ ಕಣ್ಣೆತ್ತಿದ್ರ ನಿಮ್ಮ ಸ್ಟುಡಿಯೊ ಬಾಗ್ಲ ಕಾಣತಿತ್ತೇನು?"

"ಕಾಣಬೇಕು. ಹುಚ್ಚೀರಪ್ಪಗ ಇಂವಾ ಕಂಡಿರಬೇಕು, ಇಂವಗ ಹುಚ್ಚೀರಪ್ಪ."

ಅದನ್ನು ಕೇಳಿ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಆ ವೈಶಾಖದಲ್ಲಿ ಹನುಮಸಾಗರಕ್ಕೆ ಒಂದು ಮದುವೆಗೆ ಹೋದೆ. ಒಕ್ಕಲುತನದ ಮನೆ. ಮದುಮಗಳು ಅನುಷಾ, ಅವಳ ಅಜ್ಜಿ ಹಂಪವ್ವ. ಮದುಮಗಳು ಸೀರೆ ಉಡುವ ತನಕ ನಡುಮನೆಯಲ್ಲಿ ಕಾಯುತ್ತ ತಲೆ ಎತ್ತಿದರೆ ದೇವರ ಮನೆಯ ಬಾಗಿಲ ಮೇಲೆ ನಮ್ಮ ಪಡದೆ. ಅದರ ಮುಂದೆ ಒಂದು ಕುಟುಂಬ. ಎಡಕ್ಕೆ ಕುರ್ಚಿಯಲ್ಲಿ ತಂದೆ, ಬಲಕ್ಕೆ ತಾಯಿ, ತಾಯಿಯ ಆಚೆ ಕೊನೆಗೆ ಹತ್ತು ಹನ್ನೆರಡರ ಒಬ್ಬ ಹುಡುಗಿ. ತಂದೆ ತಾಯಿಯರ ನಡುವೆ ಒಬ್ಬ ಎತ್ತರದ ಹುಡುಗ ನಿಂತಿದ್ದ. ಅವನನ್ನು ನೋಡುತ್ತಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಉಳಿದವರಿಗೆಲ್ಲ ಬೆಳಕು ಎಡದಿಂದ ಬಿದ್ದರೆ ಅವನೊಬ್ಬನಿಗೆ ಬಲದಿಂದ ಬಿದ್ದಿತ್ತು. ಪಾದಗಳು ನೆಲ ಮುಟ್ಟಿರಲಿಲ್ಲ. ಅಂಟಿಸಿದ ಮನುಷ್ಯ.

"ಅಂವಾ ನಮ್ಮಣ್ಣ, ಕನಕಪ್ಪ" ಎಂದಳು ಹಂಪವ್ವ, ನನ್ನ ಕಣ್ಣು ಎಲ್ಲಿದೆ ಅಂತ ನೋಡಿ. "ಆ ಕಡೀಕ ನಿಂತಾಕಿ ನಾನು."

ಕನಕಪ್ಪ ಮುನಿರಾಬಾದಿನಲ್ಲಿ ಡ್ಯಾಮಿನ ಕೆಲಸಕ್ಕೆ ಹೋಗಿದ್ದ. ಪಂಚಮಿಯ ಮುಂಚೆ ಎಲ್ಲರೂ ಕೊಪ್ಪಳದಲ್ಲಿ ಕೂಡಿ ಒಂದು ಫೋಟೊ ತೆಗೆಸಬೇಕು, ಅವನು ತಂಗಿಗೆ ಪೇಟೆಯಲ್ಲಿ ಬಳೆ ಇಡಿಸಬೇಕು ಅಂತ ಮಾತಾಗಿತ್ತು. ಇವರು ಬಂದರು, ಅವನಿಗೆ ರಜೆ ಸಿಗಲಿಲ್ಲ. ಹೊಸ ಬಟ್ಟೆ ತೊಟ್ಟು ಬಂದವರನ್ನು ಸುಮ್ಮನೆ ಕಳಿಸಲು ನಮ್ಮಪ್ಪನಿಗೆ ಮನಸ್ಸಾಗದೆ, "ನಡುವ ಜಾಗ ಬಿಟ್ಟು ನಿಂದ್ರಿ, ಮುಂದ ಅಂವಾ ಬಂದಾಗ ಅವನ ಫೋಟೊ ತಗದು ಇಲ್ಲಿ ಕೂಡಿಸಿಕೊಡ್ತೀನಿ" ಅಂದನಂತೆ. ಅಂಥ ಫೋಟೊ ನಮ್ಮಲ್ಲಿ ಎಷ್ಟೋ ಆಗುತ್ತಿದ್ದವು. ಬಾರದವರಿಗೆ ಜಾಗ ಬಿಡುವುದು ಆಗಿನ ರೂಢಿ. ಆದರೆ ಕನಕಪ್ಪ ಬರಲೇ ಇಲ್ಲ. ಜ್ವರ ಬಂದು ಅಲ್ಲೇ ತೀರಿಕೊಂಡ. ಅವನ ಜೊತೆಯವರು ತಂದುಕೊಟ್ಟ ಕೆಲಸಗಾರರ ಗುಂಪಿನ ಫೋಟೊದಿಂದ ಅವನನ್ನು ಕತ್ತರಿಸಿ ತೆಗೆದು ಅಪ್ಪ ಆ ಜಾಗದಲ್ಲಿ ಅಂಟಿಸಿಕೊಟ್ಟ. ಅಂಟಿಸಿ ಮತ್ತೆ ಕಾಪಿ ತೆಗೆದು ಕೊಡುವುದು ಪದ್ಧತಿ. ಅಪ್ಪ ಹಾಗೆ ಮಾಡಿರಲಿಲ್ಲ, ಮೂಲದ ಮೇಲೆಯೇ ಅಂಟಿಸಿ ಕಟ್ಟು ಹಾಕಿಬಿಟ್ಟಿದ್ದ. ಅವನ ಸೋಮಾರಿತನಕ್ಕೆ ಬದುಕಿನಲ್ಲಿ ಮೊದಲ ಸಲ ಕೈಮುಗಿಯಬೇಕು ಅನ್ನಿಸಿತು.

ಏಕೆಂದರೆ ಕನಕಪ್ಪನ ಎರಡೂ ತೋಳಿನ ಪಕ್ಕ ಒಂದು ತಗಡಿನ ಚಪ್ಪರದ ತುದಿ ಕಾಣುತ್ತಿತ್ತು. ಅದರಿಂದ ಬಳೆಯ ಸರಗಳು ಇಳಿಬಿದ್ದಿದ್ದವು. ಕಟ್ಟೆಯೂ ನಿಜ, ಅಂಗಡಿಯೂ ನಿಜ. ನಕ್ಷೆ ಬರೆದವರು ಕಟ್ಟೆ ಬರೆದರು, ಅದರ ಮೇಲೆ ತಗಡು ಹಾಕಿಕೊಂಡು ಕೂತವನನ್ನು ಬಿಟ್ಟರು, ಅಷ್ಟೇ. ಅವನು ಇದ್ದರೆ ಈ ಹುಡುಗನ ಹಿಂದೆ, ಮೊಣಕಾಲಿನ ಎತ್ತರಕ್ಕೆ ಇರಬೇಕು.

ಮದುವೆ ಮುಗಿದ ಮೇಲೆ ಹಂಪವ್ವನಿಗೆ ಎಲ್ಲ ಹೇಳಿ, ಅಂಟಿಸಿದ್ದನ್ನು ಒಂದು ಗಳಿಗೆ ಬಿಚ್ಚಿ ಮತ್ತೆ ಕೂಡಿಸಿಕೊಡುತ್ತೇನೆ ಅಂದೆ.

"ಹರದ್ರ?" ಎಂದಳು.

"ಮೊದಲು ಚೊಕ್ಕ ಕಾಪಿ ತಕ್ಕೊಂಡಿರ್ತೀನ್ರಿ."

"ಕಾಪಿ ನೀ ಇಟಗೊ ಯವ್ವಾ. ಪಂಚಮಿಗೆ ಹಾಲೆರಿಯಾಕ ಕುಂತಾಗ ದೇವರ ಪಾಲು, ಗುರುವಿನ ಪಾಲು ಅಂದು, ಅಣ್ಣನ ಪಾಲು ಅಂತ ನಾ ತಲಿ ಎತ್ತಿ ನೋಡೂದು ಇವನ್ನ. ಅವನ ನೆಳ್ಳು ಅಂತ ಈ ಭೂಮಿ ಮ್ಯಾಲ ಇದೊಂದ ಐತಿ. ಬ್ಯಾಡ."

ಬೇಡ ಅಂದರೆ ಬೇಡ. ಆದರೂ ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮಿರ್ಚಿ ತಿನ್ನುತ್ತ, ಒಂದು ಕಾಗದದ ತುಣುಕಿಗೆ ಎಷ್ಟು ಹಟ ಅಂತ ಮನಸ್ಸಿನಲ್ಲೇ ಬೈದೆ. ಮಿರ್ಚಿ ಮುಗಿಯುವಷ್ಟರಲ್ಲಿ ನಾನು ಹುಡುಕುತ್ತಿರುವುದೂ ಒಂದು ಕಾಗದದ ತುಣುಕೇ ಅಂತ ಹೊಳೆದು ಸುಮ್ಮನಾದೆ.

ಕಾಸೀಮಬೀಗೆ ಹೇಳಿದೆ. ಅವಳು ಕೈಯಲ್ಲಿದ್ದ ಬಳೆಗಳನ್ನು ಸರಕ್ಕೆ ಪೋಣಿಸಿ ಮುಗಿಸಿದಳು. ಆಮೇಲೆ "ಖರೇ ಐತಿ ಬಿಡು. ಆಕಿಗೆ ಅಷ್ಟ ಇರೂದು" ಅಂದಳು. ಮತ್ತೆ "ಬಿಚ್ಚೂದು ಬ್ಯಾಡ. ನಾ ಹಂಗ ಒಮ್ಮಿ ನೋಡಿ ಬರ್ತೀನಿ. ಅಬ್ಬಾ ಅದರ ಹಿಂದ ಅದಾನಲ್ಲ, ಅಷ್ಟ ಸಾಕು" ಅಂದಳು.

ಶ್ರಾವಣ ಬಂತು. ಪಂಚಮಿಯ ಹಿಂದಿನ ದಿನ ಇಬ್ಬರೂ ಹನುಮಸಾಗರದ ಬಸ್ಸು ಹತ್ತಿದೆವು. ಕಾಸೀಮಬೀ ಬುಟ್ಟಿಯಲ್ಲಿ ಬಳೆ ತುಂಬಿಕೊಂಡಿದ್ದಳು, ಬರಿಗೈಯಲ್ಲಿ ಹೇಗೆ ಹೋಗುವುದು ಅಂತ. ಹಬ್ಬಕ್ಕೆ ಬಳೆಗಾರ್ತಿ ಮನೆ ಬಾಗಿಲಿಗೆ ಬಂದರೆ ಯಾರು ಬೇಡ ಅಂತಾರೆ? ಅನುಷಾ ತವರಿಗೆ ಬಂದಿದ್ದಳು, ಕಾಸೀಮಬೀ ಮೊದಲು ಅವಳಿಗೆ ಇಟ್ಟಳು, ಸೊಸೆಯಂದಿರಿಗೆ ಇಟ್ಟಳು. ಕೊನೆಗೆ ಹಂಪವ್ವ ಬಂದು ಎದುರಿಗೆ ಕೂತಳು. ಅವಳ ಗಂಡ ಕಟ್ಟೆಯ ಮೇಲೆ ಉಂಡಿ ಮೆಲ್ಲುತ್ತ "ಹಸಿರು ಇಡು ಬೇ, ಆಕಿಗೆ ಹಸಿರು ಛಲೋ" ಅಂದ.

ಹೊಲದ ಕೆಲಸ ಮಾಡಿದ ಗಟ್ಟಿ ಕೈ. ಕಾಸೀಮಬೀ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬೆರಳಿನ ಗೆಣ್ಣು ಒತ್ತಿ ಒತ್ತಿ ಮೆತ್ತಗೆ ಮಾಡುತ್ತಿದ್ದಳು. ಬಂದಾಗ ಒಮ್ಮೆ ಬಾಗಿಲ ಮೇಲಿನ ಫೋಟೊ ನೋಡಿದವಳು ಮತ್ತೆ ಆ ಕಡೆ ಕಣ್ಣು ಹೊರಳಿಸಿರಲಿಲ್ಲ. ಏನೂ ಕೇಳಲೂ ಇಲ್ಲ. ನನ್ನ ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಕೂತಿದ್ದೆ.

"ಅವತ್ತ ಈಕಿ ಹೇಳಿದ ಬಳಿಗಾರ ನಿಮ್ಮಪ್ಪನೇನು?" ಎಂದು ಹಂಪವ್ವನೇ ಕೇಳಿದಳು.

"ಹೂಂನ್ರಿ. ಕೊಪ್ಪಳದ ಪ್ಯಾಟ್ಯಾಗ, ನಡು ಕಟ್ಟಿ ಮ್ಯಾಲ."

"ನಮ್ಮಣ್ಣ ನನಗ ಬಳಿ ಇಡಸ್ತೀನಿ ಅಂದಿದ್ದು ಅಲ್ಲೇ ಇರಬೇಕು. ಪ್ಯಾಟ್ಯಾಗ ಇನ್ಯಾರಿದ್ರು?"

"ಮತ್ಯಾರೂ ಇದ್ದಿಲ್ಲಂತ್ರಿ. ನಮ್ಮ ಅಬ್ಬಾ ಒಬ್ಬನ."

ಒಂದು ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿಯಿತು. ಹಂಪವ್ವ ಆ ಕೈಯನ್ನು ತಿರುಗಿಸಿ ನೋಡಿದಳು. ಇನ್ನೊಂದು, ಮತ್ತೊಂದು. ಎರಡೂ ಕೈ ತುಂಬಿದವು. ಆಮೇಲೆ ಅವಳು ಹೊಸ ಬಳೆಯ ಕೈ ಊರಿ ಎದ್ದು, "ಅನುಷಾ, ಫೋಟೊ ಇಳಸು" ಅಂದಳು.

ಮೊದಲು ಕಾಪಿ ತೆಗೆದುಕೊಂಡೆ. ಆಮೇಲೆ ಅಡುಗೆಮನೆಗೆ ಒಯ್ದೆವು. ಅಪ್ಪ ಅಂಟಿಸುತ್ತಿದ್ದದ್ದು ಮೈದಾಹಿಟ್ಟಿನ ಅಂಟಿನಿಂದ, ಅದು ಹಬೆಗೆ ಬಿಡುತ್ತದೆ ಅಂತ ನನಗೆ ಗೊತ್ತು. ನೀರಿನ ಪಾತ್ರೆಯ ಹಬೆಯ ಮೇಲೆ ಹಿಡಿದು, ಒದ್ದೆ ಬಟ್ಟೆ ಒತ್ತಿ, ತೆಳು ಚಾಕುವಿನ ತುದಿಯಿಂದ ಒಂದೊಂದೇ ಅಂಚು ಎಬ್ಬಿಸುತ್ತ ಹೋದೆ. ಹಂಪವ್ವ ಪಕ್ಕದಲ್ಲೇ ಅಂಗೈ ಒಡ್ಡಿ ನಿಂತಿದ್ದಳು. ಕನಕಪ್ಪ ಹರಿಯದೆ, ಪೂರ್ತಿಯಾಗಿ, ಕಾಲಿನಿಂದ ಮೇಲಕ್ಕೆ ಬಿಟ್ಟುಕೊಂಡು ಬಂದ. ಅವನನ್ನು ಅವನ ತಂಗಿಯ ಅಂಗೈ ಮೇಲೆ ಇಟ್ಟೆ.

ಫೋಟೊದ ಉಳಿದ ಭಾಗವೆಲ್ಲ ಮಾಸಿ ಚಹಾದ ಬಣ್ಣಕ್ಕೆ ತಿರುಗಿತ್ತು. ಅವನು ನಿಂತಿದ್ದ ಜಾಗ ಮಾತ್ರ ನಿನ್ನೆ ತೊಳೆದು ತೆಗೆದ ಹಾಗೆ ಕಪ್ಪುಬಿಳುಪಾಗಿ ಉಳಿದಿತ್ತು. ಐವತ್ತು ವರ್ಷ ಬೆಳಕು ತಾಗದಂತೆ ಆ ಹುಡುಗ ಅದನ್ನು ಕಾಯ್ದಿದ್ದ. ಕಟ್ಟೆ ಇತ್ತು. ತಗಡು ಇತ್ತು. ಬಳೆಯ ಸರಗಳ ಕೆಳಗೆ ಉಗುರಿನಷ್ಟು ದೊಡ್ಡ ಒಬ್ಬ ಮನುಷ್ಯ ಕೂತಿದ್ದ. ಭೂತಗನ್ನಡಿ ಹಿಡಿದು ನೋಡಿದೆ. ಟೊಪ್ಪಿಗೆ, ಗಡ್ಡ. ಮುಖಕ್ಕೆ ಹುಚ್ಚೀರಪ್ಪ ಕುಂಚದಿಂದ ಎರಡು ಗೆರೆ ಎಳೆದು ಬಿಟ್ಟಿದ್ದ, ಕಣ್ಣು ಮೂಗು ಏನೂ ಇರಲಿಲ್ಲ. ನನಗೆ ಅಳುವೇ ಬಂತು. ಇಷ್ಟಕ್ಕೆ ಇಷ್ಟು ದೂರ ಬಂದೆವೇ? ಕಾರಂಜಿಯ ಹಾಗೆ ಇವನನ್ನೂ ಮನಸ್ಸಿಗೆ ಬಂದಂತೆ ಬರೆದನೇ?

ಕನ್ನಡಿಯನ್ನು ಕಾಸೀಮಬೀಯ ಕೈಗೆ ಕೊಟ್ಟೆ. ಅವಳು ಬಗ್ಗಿದಳು. ಮುಖವನ್ನು ಹುಡುಕಲಿಲ್ಲ. ಕನ್ನಡಿ ಮೆಲ್ಲಗೆ ಕೆಳಗೆ ಸರಿಯಿತು, ಒಂದು ಕಡೆ ನಿಂತಿತು.

"ಕಾಲು" ಎಂದಳು.

ನಾನು ಮತ್ತೆ ಬಗ್ಗಿ ನೋಡಿದೆ. ಕಟ್ಟೆಯ ಮೇಲೆ ಕೂತವನು ಒಂದು ಕಾಲು ಮಡಚಿ, ಇನ್ನೊಂದನ್ನು ಅಂಚಿನಾಚೆ ಬೀದಿಗೆ ಉದ್ದಕ್ಕೆ ಚಾಚಿದ್ದ. ಹಾದಿಗೆ ಅಡ್ಡ. ಟಾಂಗಾದ ಕಡೆಯಿಂದ ಬರುವ ಒಬ್ಬ ಹೆಂಗಸು ಅವನ ಕಾಲು ದಾಟಲು ಸೀರೆಯ ನಿರಿಗೆ ಎತ್ತಿಕೊಂಡಿದ್ದಳು. ಅಷ್ಟನ್ನೂ ಬರೆದಿದ್ದ ಹುಚ್ಚೀರಪ್ಪ, ಮಹಾನುಭಾವ. ಇಂಥದ್ದನ್ನು ಯಾರೂ ಚಂದಕ್ಕೆ ಅಂತ ಬರೆಯುವುದಿಲ್ಲ. ಎದುರಿಗೆ ಕೂತು ದಿನಾ ನೋಡಿದವನೇ ಬರೆಯಬೇಕು.

"ನಮ್ಮ ಅಬ್ದುಲ ಕುಂತಾನ ನೋಡು" ಎಂದಳು ಕಾಸೀಮಬೀ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇರಬೇಕು.

ಹಂಪವ್ವ ಅಂಗೈ ಮೇಲಿನ ಅಣ್ಣನನ್ನು ನೋಡುತ್ತ ನಿಂತಿದ್ದಳು. ತಿರುಗಿ ಅಂಟಿಸಿಕೊಡಲು ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.

"ಅಲ್ಲಿ ಬ್ಯಾಡ" ಎಂದಳು. "ಆಕಿ ಅಪ್ಪಗ ಅಡ್ಡ ಆಗ್ತಾನ. ಈ ಕಡೀಕ ನಿಂದ್ರಸು, ನನ್ನ ಬಾಜೂಕ. ಜಾಗ ಐತಿ."

ಸಣ್ಣ ಹಂಪವ್ವನ ಪಕ್ಕ ಜಾಗ ಇತ್ತು. ಅಲ್ಲಿ ಕಾರಂಜಿ ಇತ್ತು. ಕನಕಪ್ಪನನ್ನು ತಂಗಿಯ ಪಕ್ಕಕ್ಕೆ ಅಂಟಿಸಿದೆ, ಕಾರಂಜಿ ಅವನ ಹಿಂದೆ ಪೂರಾ ಮುಚ್ಚಿಹೋಯಿತು. ಪಾದಗಳನ್ನು ಈ ಸಲ ನೆಲಕ್ಕೆ ಸರಿಯಾಗಿ ತಾಗಿಸಿದೆ. ಫೋಟೊ ಮತ್ತೆ ಬಾಗಿಲ ಮೇಲೆ ಏರಿತು. ತಂದೆ ತಾಯಿಯ ನಡುವೆ ಬಳೆ ಅಂಗಡಿ, ಕೊನೆಗೆ ಅಣ್ಣ ತಂಗಿ. ಹಂಪವ್ವ ಒಮ್ಮೆ ಅದನ್ನು, ಒಮ್ಮೆ ತನ್ನ ಕೈಬಳೆಗಳನ್ನು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಮಗೆ ಉಂಡಿ ಕಟ್ಟಲು ಒಳಗೆ ಹೋದಳು.

ಬಸ್ಸಿಳಿದು ಕಾಂಪ್ಲೆಕ್ಸಿಗೆ ಬರುವಾಗ ಇನ್ನೂ ಬಿಸಿಲಿತ್ತು. ಹಬ್ಬದ ಗಿರಾಕಿ, ಬಳೆ ಅಂಗಡಿ ತುಂಬಿತ್ತು. ಬಾಗಿಲಲ್ಲಿ ಅಬ್ದುಲಸಾಬನ ಕಾಲು ಎಂದಿನಂತೆ ಹೊಸ್ತಿಲಾಚೆ ಬಿದ್ದಿತ್ತು. ತಾಯಿಯನ್ನು ಕಂಡು ಅವನು ಲಗುಬಗೆಯಿಂದ ಅದನ್ನು ಎಳೆದುಕೊಳ್ಳಲು ಹೋದ, ನಾನು ಅಭ್ಯಾಸಬಲದಿಂದ ಬೈಯಲು ಬಾಯಿ ತೆರೆದೆ.

"ಇರಲಿ, ತಗೀಬ್ಯಾಡ" ಎಂದಳು ಕಾಸೀಮಬೀ. ಸೀರೆಯ ನಿರಿಗೆ ಎತ್ತಿಕೊಂಡು, ಆ ಕಾಲನ್ನು ದಾಟಿ, ಒಳಗೆ ಹೋದಳು.